ಬೆಣ್ಣೆಯ ಘಮ, ಶ್ವಾಸನಾಳದ ಗಾಯ: ಫ್ಲೇವರ್ ಕಾರ್ಮಿಕರ ಪ್ರಶ್ನೆಗಳಿಗೆ ಉತ್ತರ

ಆಹಾರಕ್ಕೆ ಬೆಣ್ಣೆ, ಕ್ಯಾರಮೆಲ್, ವೆನಿಲ್ಲಾ, ಹಣ್ಣಿನ ಘಮ ಕೊಡುವ ರಾಸಾಯನಿಕಗಳ ನಡುವೆ ದುಡಿಯುವವರು ಕಳಿಸಿದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ. ಉತ್ತರ ಬರೆದವರು ಔದ್ಯೋಗಿಕ ಆರೋಗ್ಯದ ವೈದ್ಯರು ಮತ್ತು ಕಾರ್ಖಾನೆಯ ಗಾಳಿ ವ್ಯವಸ್ಥೆ ನೋಡಿಕೊಳ್ಳುವ ಎಂಜಿನಿಯರ್‌ಗಳು.

ಪ್ರಶ್ನೆ: ನಾವು ತುಂಬುವ ಫ್ಲೇವರ್ ಕ್ಯಾನ್ ಮೇಲೆ ‘ಆಹಾರಕ್ಕೆ ಸುರಕ್ಷಿತ’ ಎಂದು ಬರೆದಿದೆ. ಜನ ತಿನ್ನುವ ವಸ್ತುವಿನ ವಾಸನೆ ಒಳಗೆ ಹೋದರೆ ಏನಾಗುತ್ತದೆ?

ಆ ಮಾತು ಹೊಟ್ಟೆಯ ಬಗ್ಗೆ ಹೇಳಿದ್ದು, ಉಸಿರಿನ ಬಗ್ಗೆ ಅಲ್ಲ. ‘ಸುರಕ್ಷಿತ’ ಎಂಬ ಮುದ್ರೆ ಬೀಳುವುದು ಆಹಾರದಲ್ಲಿ ಬೆರೆಯುವ ಅತಿ ಸಣ್ಣ ಪ್ರಮಾಣವನ್ನು ತಿಂದರೆ ಏನಾಗುತ್ತದೆ ಎಂದು ನೋಡಿದ ಮೇಲೆ. ಅದೇ ವಸ್ತು ಸಾಂದ್ರ ರೂಪದಲ್ಲಿ, ಬಿಸಿಯಾಗಿ, ಆವಿಯಾಗಿ ದಿನಕ್ಕೆ ಎಂಟು ಗಂಟೆ ಶ್ವಾಸನಾಳದ ಒಳಪದರಕ್ಕೆ ತಾಗಿದರೆ ಏನಾಗುತ್ತದೆ ಎಂಬುದನ್ನು ಆ ಮುದ್ರೆ ಪರಿಶೀಲಿಸಿಯೇ ಇಲ್ಲ.

ಬೆಣ್ಣೆಯ ಘಮಕ್ಕೆ ಮುಖ್ಯ ಕಾರಣವಾದ ಡಯಾಸಿಟೈಲ್ ಅನ್ನೇ ನೋಡಿ. ಹಳದಿ-ಹಸಿರು ಬಣ್ಣದ ದ್ರವ. ನೀರಿಗಿಂತ ಮೊದಲೇ, 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕೋಣೆಯ ಉಷ್ಣತೆಯಲ್ಲೂ ಸರಾಗವಾಗಿ ಆವಿಯಾಗುತ್ತದೆ. ಇದರ ಅಣುವಿನಲ್ಲಿ ಎರಡು ಕಾರ್ಬೊನಿಲ್ ಗುಂಪುಗಳು ಅಕ್ಕಪಕ್ಕದಲ್ಲಿವೆ. ಆ ಜೋಡಿ ಪ್ರೋಟೀನಿನಲ್ಲಿರುವ ಆರ್ಜಿನೀನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಂಡು ಪ್ರೋಟೀನನ್ನೇ ಕೆಡಿಸುತ್ತದೆ. ಶ್ವಾಸನಾಳದ ಒಳಪದರದ ಕೋಶಗಳು ಸಾಯುತ್ತವೆ. ದೇಹ ಆ ಗಾಯವನ್ನು ಸರಿಪಡಿಸಲು ಹೋಗುತ್ತದೆ. ಗಾಯ ಮತ್ತೆ ಮತ್ತೆ ಆಗುತ್ತಿದ್ದರೆ ಹೊಸ ಪದರದ ಬದಲು ಕಲೆಗಟ್ಟಿದ ಅಂಗಾಂಶ ಬೆಳೆಯುತ್ತದೆ. ಎರಡು ಮಿಲಿಮೀಟರಿಗಿಂತ ಸಣ್ಣ ನಾಳಗಳಿಗೆ ಮೃದ್ವಸ್ಥಿಯ ಆಸರೆ ಇಲ್ಲ. ಸುತ್ತ ಕಟ್ಟಿಕೊಂಡ ಕಲೆ ಅವನ್ನು ಉಂಗುರದಂತೆ ಬಿಗಿಯುತ್ತದೆ. ಗಾಳಿ ಒಳಗೆ ಹೋಗುತ್ತದೆ, ಸಲೀಸಾಗಿ ಹೊರಗೆ ಬರುವುದಿಲ್ಲ. ಇದಕ್ಕೆ ಬ್ರಾಂಕಿಯೊಲೈಟಿಸ್ ಆಬ್ಲಿಟರನ್ಸ್ ಎನ್ನುತ್ತಾರೆ. ‘ಪಾಪ್‌ಕಾರ್ನ್ ಶ್ವಾಸಕೋಶ’ ಎಂದು ಪತ್ರಿಕೆಗಳಲ್ಲಿ ಬರುವುದೂ ಇದೇ.

ಆ ಹೆಸರು ಬಂದದ್ದು ಅಮೆರಿಕದ ಮಿಸೌರಿ ರಾಜ್ಯದಿಂದ. 2000ರಲ್ಲಿ ಅಲ್ಲಿನ ಒಂದು ಮೈಕ್ರೊವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಎಂಟು ಮಾಜಿ ಕಾರ್ಮಿಕರಲ್ಲಿ ಈ ಕಾಯಿಲೆ ಇರುವುದು ಆರೋಗ್ಯ ಇಲಾಖೆಯ ಗಮನಕ್ಕೆ ಬಂತು. ನಾಲ್ವರ ಹೆಸರು ಶ್ವಾಸಕೋಶ ಕಸಿಯ ಪಟ್ಟಿ ಸೇರಿತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಿಯೋಶ್ ಅಲ್ಲಿ ಕೆಲಸದಲ್ಲಿದ್ದ 117 ಮಂದಿಯನ್ನು ಪರೀಕ್ಷಿಸಿತು. ಶ್ವಾಸನಾಳದ ಅಡಚಣೆ ಸಾಮಾನ್ಯ ಜನರಲ್ಲಿ ನಿರೀಕ್ಷಿಸುವುದರ 3.3 ಪಟ್ಟು ಇತ್ತು. ಬೆಣ್ಣೆ ಫ್ಲೇವರನ್ನು ಬಿಸಿ ಸೋಯಾ ಎಣ್ಣೆಗೆ ಬೆರೆಸುವ ಕೊಠಡಿಯ ಗಾಳಿಯಲ್ಲಿ ಡಯಾಸಿಟೈಲ್ ಸರಾಸರಿ 18 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 18 ಭಾಗ. ಪ್ಯಾಕಿಂಗ್ ಜಾಗದಲ್ಲಿ 1.3. ಇದಕ್ಕೂ ಮೊದಲು, 1985ರಲ್ಲೇ, ಇಂಡಿಯಾನಾದಲ್ಲಿ ಬೇಕರಿಗಳಿಗೆ ಫ್ಲೇವರ್ ಮಿಶ್ರಣ ಮಾಡುವ ಘಟಕದ ಇಬ್ಬರು ಯುವ ಕಾರ್ಮಿಕರಲ್ಲಿ ಇಂಥದೇ ಕಾಯಿಲೆ ಕಂಡಿತ್ತು. ಯಾವ ರಾಸಾಯನಿಕದಿಂದ ಎಂದು ಆಗ ಗೊತ್ತುಹಿಡಿಯಲಾಗಲಿಲ್ಲ. ಆ ಹದಿನೈದು ವರ್ಷ ಕೈತಪ್ಪಿ ಹೋದದ್ದು ಇಂದಿಗೂ ಸಂಕಟ ತರುವ ವಿಷಯ.

ಪ್ರಶ್ನೆ: ‘ಸಿಗರೇಟು ಸೇದುವವರಿಗೆ ಮಾತ್ರ ಹೀಗಾಗುವುದು’ ಎನ್ನುತ್ತಾರೆ ನಮ್ಮ ಮೇಲ್ವಿಚಾರಕರು. ನಿಜವೇ?

ಅಲ್ಲ. ಮಿಸೌರಿಯ ಅದೇ ಕಾರ್ಖಾನೆಯಲ್ಲಿ ಜೀವನದಲ್ಲೇ ಸಿಗರೇಟು ಮುಟ್ಟದವರಲ್ಲಿ ಅಡಚಣೆ ನಿರೀಕ್ಷೆಯ 10.8 ಪಟ್ಟು ಇತ್ತು. ಸೇದುವವರು ಬಿಡಲೇಬೇಕು, ಆ ಮಾತು ಬೇರೆ. ಅದನ್ನು ಮುಂದಿಟ್ಟು ಕೊಠಡಿಯ ಗಾಳಿಯನ್ನು ಅಳೆಯದೆ ಇರುವುದು ತಪ್ಪು.

ಪ್ರಶ್ನೆ: ಮಿಕ್ಸಿಂಗ್ ವಿಭಾಗದಲ್ಲಿ ಎರಡು ವರ್ಷದಿಂದ ಇದ್ದೇನೆ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಅಸ್ತಮಾ ಎಂದು ಇನ್‌ಹೇಲರ್ ಕೊಟ್ಟಿದ್ದಾರೆ. ಎಂಟು ತಿಂಗಳಾದರೂ ಗುಣ ಕಂಡಿಲ್ಲ.

ಮೊದಲು ಒಂದು ಮಾತು: ಈ ಪತ್ರಿಕೆ ಕೈಗೆ ಬಂದ ದಿನವೇ ಮಿಕ್ಸಿಂಗ್ ಕೊಠಡಿಯಿಂದ ಬೇರೆ ಕೆಲಸಕ್ಕೆ ಹಾಕಿಸಿಕೊಳ್ಳಿ. ರೋಗ ಯಾವುದೆಂದು ಖಚಿತವಾಗುವವರೆಗೆ ಅಲ್ಲೇ ಇರಬೇಡಿ. ಅಸ್ತಮಾ ಆಗಿದ್ದರೆ ದೂರ ಉಳಿದಿದ್ದರಿಂದ ನಷ್ಟವೇನಿಲ್ಲ. ಮೇಲೆ ಹೇಳಿದ ಬ್ರಾಂಕಿಯೊಲೈಟಿಸ್ ಆಬ್ಲಿಟರನ್ಸ್ ಆಗಿದ್ದರೆ ಪ್ರತಿ ಪಾಳಿಯೂ ಮರಳಿ ಬಾರದ್ದನ್ನು ಕಸಿಯುತ್ತಿರುತ್ತದೆ.

ಈ ಕಾಯಿಲೆಯನ್ನು ಅಸ್ತಮಾ, ಸಿಒಪಿಡಿ (ಶ್ವಾಸನಾಳದ ದೀರ್ಘಕಾಲದ ಅಡಚಣೆ), ಬ್ರಾಂಕೈಟಿಸ್, ನ್ಯುಮೋನಿಯಾ ಎಂದು ತಪ್ಪಾಗಿ ತಿಳಿಯುವುದು ತುಂಬ ಸಾಮಾನ್ಯ. ಕೆಲಸದಿಂದ ಬರುವ ಅಸ್ತಮಾ ಸಾಮಾನ್ಯವಾಗಿ ರಜೆಯಲ್ಲಿ ಹಗುರಾಗುತ್ತದೆ, ಇನ್‌ಹೇಲರಿಗೆ ಬಗ್ಗುತ್ತದೆ. ಇದು ಹಾಗಲ್ಲ. ವಾರದ ರಜೆ ಇರಲಿ, ತಿಂಗಳ ರಜೆ ಇರಲಿ, ಏದುಸಿರು ಅಷ್ಟೇ ಇರುತ್ತದೆ. ನಾಳ ಸೆಳೆತದಿಂದ ಮುಚ್ಚಿದ್ದರೆ ಔಷಧಿ ಅದನ್ನು ಸಡಿಲಿಸೀತು. ಕಲೆಗಟ್ಟಿ ಮುಚ್ಚಿದ್ದನ್ನು ಸಡಿಲಿಸಲಾರದು. ವಾರಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಗೆ ಏರುವುದು ಇದರ ಸ್ವಭಾವ. ಕೆಲವರಲ್ಲಿ ಮಾತ್ರ ಥಟ್ಟನೆ ಬಿಗಡಾಯಿಸುತ್ತದೆ. ಕಣ್ಣುರಿ, ಮೂಗು-ಗಂಟಲು ಉರಿ, ಚರ್ಮದ ತುರಿಕೆ ಜೊತೆಗಿರಬಹುದು, ಇಲ್ಲದೆಯೂ ಇರಬಹುದು.

ವೈದ್ಯರಲ್ಲಿ ಹೋದಾಗ ‘ಫ್ಯಾಕ್ಟರಿಯಲ್ಲಿ ಕೆಲಸ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಫ್ಲೇವರ್, ಬಿಸಿ ಮಾಡುತ್ತೀರಾ, ಮುಚ್ಚಳ ತೆಗೆದು ಸುರಿಯುತ್ತೀರಾ, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ ಎಂದು ಚೀಟಿಯಲ್ಲಿ ಬರೆದು ಕೊಡಿ. ಡಯಾಸಿಟೈಲ್ ಎಂಬ ಹೆಸರನ್ನೇ ಬರೆಯಿರಿ. ಕೇಳಬೇಕಾದ ಪರೀಕ್ಷೆಗಳು ಇವು: ಇನ್‌ಹೇಲರ್ ಕೊಡುವ ಮೊದಲು ಮತ್ತು ಕೊಟ್ಟ ನಂತರ ಸ್ಪೈರೋಮೆಟ್ರಿ (ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆ), ಶ್ವಾಸಕೋಶದ ಒಟ್ಟು ಗಾತ್ರ ಮತ್ತು ಒಳಗೆ ಸಿಕ್ಕಿಬಿದ್ದ ಗಾಳಿಯ ಅಳತೆ, ಅನಿಲ ವಿನಿಮಯದ ಅಳತೆ (ಇದು ಮೊದಲ ಹಂತದಲ್ಲಿ ಸರಿಯಾಗಿಯೇ ಇರಬಹುದು), ಸೂಕ್ಷ್ಮ ಪದರದ ಸಿಟಿ ಸ್ಕ್ಯಾನ್. ಸ್ಕ್ಯಾನನ್ನು ಉಸಿರು ಎಳೆದಾಗ ಮಾತ್ರವಲ್ಲ, ಪೂರ್ತಿ ಬಿಟ್ಟಾಗಲೂ ತೆಗೆಯಬೇಕು. ಗಾಳಿ ಸಿಕ್ಕಿಬಿದ್ದ ಭಾಗಗಳು ಉಸಿರು ಬಿಟ್ಟ ಮೇಲೂ ಕಪ್ಪಾಗಿಯೇ ಉಳಿಯುತ್ತವೆ. ಎಳೆದಾಗಿನ ಚಿತ್ರದಲ್ಲಿ ಅವು ಕಣ್ಣಿಗೆ ಬೀಳದೆ ಹೋಗಬಹುದು. ಸಾದಾ ಎಕ್ಸ್‌ರೇ ಬಹಳ ಸಲ ಸ್ವಚ್ಛವಾಗಿರುತ್ತದೆ. ಅದನ್ನು ನಂಬಿ ನಿಶ್ಚಿಂತರಾಗಬೇಡಿ. ಬಯಾಪ್ಸಿ ಎಲ್ಲರಿಗೂ ಬೇಕಿಲ್ಲ. ಗಾಯ ಚುಕ್ಕೆ ಚುಕ್ಕೆಯಾಗಿರುವುದರಿಂದ ಕೊಳವೆ ಇಳಿಸಿ ತೆಗೆದ ಚೂರಿನಲ್ಲಿ ಅದು ಸಿಗದೆ ಹೋಗುವುದುಂಟು.

ಪ್ರಶ್ನೆ: ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ ಮಾಡುತ್ತಾರೆ. ನನ್ನದು ‘ನಾರ್ಮಲ್’ ಎಂದೇ ಬರುತ್ತಿದೆ. ಇನ್ನೇನೂ ಬೇಡ ತಾನೆ?

‘ನಾರ್ಮಲ್’ ಎಂಬ ಪದ ಬಿಡಿ, ಸಂಖ್ಯೆ ಕೇಳಿ. ನಮ್ಮ ಕೈಗೆ ಬರುವ ವರದಿಗಳಲ್ಲಿ ಅತಿ ಹೆಚ್ಚು ಮೋಸಗೊಳಿಸುವ ಪದ ಅದು.

ಒಂದು ಲೆಕ್ಕ ನೋಡಿ. ಎಫ್‌ಇವಿ1 ಎಂದರೆ ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ. ಒಬ್ಬ ಕಾರ್ಮಿಕನ ವಯಸ್ಸು, ಎತ್ತರಕ್ಕೆ 4.00 ಲೀಟರ್ ನಿರೀಕ್ಷಿತ ಎಂದುಕೊಳ್ಳೋಣ. ಕೆಲಸಕ್ಕೆ ಸೇರಿದ ದಿನ ಆತ 4.20 ಲೀಟರ್ ಊದಿದ, ನಿರೀಕ್ಷಿತದ ಶೇ 105. ಒಂದೂವರೆ ವರ್ಷದ ನಂತರ 3.50 ಲೀಟರ್, ಶೇ 87.5. ಎರಡೂ ವರದಿಯಲ್ಲಿ ‘ನಾರ್ಮಲ್’ ಎಂದೇ ಅಚ್ಚಾಗುತ್ತದೆ. ಆದರೆ ಆತ 700 ಮಿಲಿಲೀಟರ್, ತನ್ನದೇ ಉಸಿರಿನ ಆರನೇ ಒಂದು ಭಾಗ ಕಳೆದುಕೊಂಡಿದ್ದಾನೆ. ವಯಸ್ಸಿನಿಂದ ಆಗುವ ಸಹಜ ಇಳಿಕೆ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಮಾತ್ರ. ಬೇರೆಯವರ ಸರಾಸರಿಯೊಂದಿಗೆ ಹೋಲಿಸಿದರೆ ಈ ನಷ್ಟ ಕಾಣುವುದೇ ಇಲ್ಲ. ಅವನ ಮೊದಲ ದಿನದ ಸಂಖ್ಯೆಯೊಂದಿಗೆ ಹೋಲಿಸಿದರೆ ಕಣ್ಣಿಗೆ ರಾಚುತ್ತದೆ.

ಹಾಗಾಗಿ ಫ್ಲೇವರ್ ವಿಭಾಗಕ್ಕೆ ಕಾಲಿಡುವ ಮೊದಲೇ ಒಂದು ಪರೀಕ್ಷೆ ಆಗಬೇಕು. ಆಮೇಲೆ ವರ್ಷಕ್ಕೊಮ್ಮೆ ಸಾಲದು, ಆರು ತಿಂಗಳಿಗೊಮ್ಮೆ ಆಗಬೇಕು. ಕೆಲವೇ ತಿಂಗಳ ಕೆಲಸದಲ್ಲಿ ತೀವ್ರವಾಗಿ ಕಾಯಿಲೆ ಬಿದ್ದವರಿದ್ದಾರೆ. ಎಫ್‌ಇವಿ1 ಮೊದಲ ಸಂಖ್ಯೆಗಿಂತ ಶೇ 10ರಷ್ಟು ಇಳಿದರೆ ಬೇಗನೆ ಮರುಪರೀಕ್ಷೆ ಮಾಡಿಸಿ. ಇಳಿಕೆ ನಿಜವೆಂದು ಕಂಡರೆ, ಅದರಲ್ಲೂ ಶೇ 15ರ ಹತ್ತಿರ ಬಂದರೆ, ಕೆಮ್ಮು ಇರಲಿ ಇಲ್ಲದಿರಲಿ ಆ ಜಾಗದಿಂದ ಹೊರಬಂದು ಶ್ವಾಸಕೋಶ ತಜ್ಞರನ್ನು ಕಾಣಿ.

ಪರೀಕ್ಷೆಯೂ ಸರಿಯಾಗಿ ಆಗಬೇಕು. ಆ ದಿನ ಯಂತ್ರವನ್ನು 3 ಲೀಟರಿನ ಸಿರಿಂಜಿನಿಂದ ತಾಳೆ ನೋಡಿದ್ದಾರೆಯೇ ಎಂದು ಕೇಳಿ. ಮೂಗಿಗೆ ಕ್ಲಿಪ್, ತುಟಿ ಬಿಗಿ, ಎದೆ ತುಂಬ ಉಸಿರು, ತಡೆಯದೆ ಥಟ್ಟನೆ ಊದುವುದು, ಕನಿಷ್ಠ ಆರು ಸೆಕೆಂಡು ನಿಲ್ಲಿಸದೆ ಊದುತ್ತಲೇ ಇರುವುದು. ಇಂಥ ಮೂರು ಸರಿಯಾದ ಊದು ಬೇಕು. ಅವುಗಳಲ್ಲಿ ಉತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು. ಅರೆಮನಸ್ಸಿನಿಂದ ಊದಿದ ಮೊದಲ ಪರೀಕ್ಷೆ ತುಂಬ ಅಪಾಯಕಾರಿ: ಆಧಾರ ಸಂಖ್ಯೆಯೇ ಕೆಳಗಿದ್ದರೆ ಮುಂದಿನ ಇಳಿಕೆ ಮುಚ್ಚಿಹೋಗುತ್ತದೆ. ಪ್ರತಿ ವರದಿಯ ಪ್ರತಿಯನ್ನು ಮನೆಯಲ್ಲಿಡಿ, ಗ್ರಾಫ್ ಇರುವ ಹಾಳೆಯ ಸಮೇತ.

ಪ್ರಶ್ನೆ: ಕಂಪನಿ ಈಗ ‘ಡಯಾಸಿಟೈಲ್ ಇಲ್ಲದ’ ಬೆಣ್ಣೆ ಫ್ಲೇವರ್ ತರಿಸುತ್ತಿದೆ. ನಿರಾಳವಾಗಿರಬಹುದೇ?

ಸದ್ಯಕ್ಕೆ ಬೇಡ. ಡಯಾಸಿಟೈಲ್ ತೆಗೆದ ಜಾಗಕ್ಕೆ ಹೆಚ್ಚಾಗಿ ಬಂದದ್ದು 2,3-ಪೆಂಟೇನ್‌ಡೈಓನ್. ಎರಡಕ್ಕೂ ಒಂದೇ ಇಂಗಾಲದ ವ್ಯತ್ಯಾಸ. ಅಕ್ಕಪಕ್ಕದ ಆ ಕಾರ್ಬೊನಿಲ್ ಜೋಡಿ ಹಾಗೆಯೇ ಇದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಶ್ವಾಸನಾಳಕ್ಕೆ ಡಯಾಸಿಟೈಲ್‌ನಂತೆಯೇ ಹಾನಿ ಮಾಡಿತು. ನಿಯೋಶ್ 2016ರಲ್ಲಿ ಎರಡಕ್ಕೂ ಮಿತಿ ಸೂಚಿಸಿತು: ಎಂಟು ಗಂಟೆಯ ಸರಾಸರಿ ಡಯಾಸಿಟೈಲ್‌ಗೆ 5 ಪಿಪಿಬಿ, ಪೆಂಟೇನ್‌ಡೈಓನ್‌ಗೆ 9.3 ಪಿಪಿಬಿ, ಯಾವುದೇ 15 ನಿಮಿಷದಲ್ಲಿ 25 ಮತ್ತು 31 ಪಿಪಿಬಿ. ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಭಾಗ. ಎರಡನೆಯದರ ಸಂಖ್ಯೆ ಸ್ವಲ್ಪ ದೊಡ್ಡದಿರುವುದು ಅದು ಸೌಮ್ಯ ಎಂದಲ್ಲ, ಅಷ್ಟು ಕಡಿಮೆ ಪ್ರಮಾಣವನ್ನು ನಂಬಿಕೆಯಿಂದ ಅಳೆಯುವುದು ಕಷ್ಟ ಎಂಬ ಕಾರಣಕ್ಕೆ.

ಇನ್ನೂ ಎರಡು ಹೆಸರು ನೆನಪಿಡಿ. ‘ಸ್ಟಾರ್ಟರ್ ಡಿಸ್ಟಿಲೇಟ್’ ಎಂಬ ಹಾಲಿನ ಮೂಲದ ‘ನೈಸರ್ಗಿಕ’ ಫ್ಲೇವರಿನಲ್ಲಿ ಡಯಾಸಿಟೈಲ್ ಇದ್ದೇ ಇರುತ್ತದೆ. ‘ಡಯಾಸಿಟೈಲ್ ಟ್ರೈಮರ್’ ತೇವ, ಬಿಸಿ ತಾಗಿದಾಗ ಡಯಾಸಿಟೈಲ್ ಬಿಡುತ್ತದೆ. ಸುರಕ್ಷತಾ ಮಾಹಿತಿ ಹಾಳೆಯಲ್ಲಿ ‘ಫ್ಲೇವರ್ ಮಿಶ್ರಣ, ವ್ಯಾಪಾರ ಗುಟ್ಟು’ ಎಂದಷ್ಟೇ ಇದ್ದರೆ ಸರಬರಾಜುದಾರರಿಗೆ ಲಿಖಿತವಾಗಿ ಕೇಳಿ: ಡಯಾಸಿಟೈಲ್, 2,3-ಪೆಂಟೇನ್‌ಡೈಓನ್, 2,3-ಹೆಕ್ಸೇನ್‌ಡೈಓನ್, 2,3-ಹೆಪ್ಟೇನ್‌ಡೈಓನ್, ಅಸಿಟಾಯಿನ್ ಪ್ರತಿಯೊಂದೂ ಶೇಕಡಾ ಎಷ್ಟು? ಉತ್ತರ ಬರದಿದ್ದರೆ ಎಲ್ಲವೂ ಇದೆ ಎಂದೇ ತಿಳಿದು ಕೆಲಸ ಮಾಡಿ.

ಪ್ರಶ್ನೆ: ಎನ್95 ಮಾಸ್ಕ್ ಹಾಕುತ್ತೇವೆ. ಸಾಕಲ್ಲವೇ?

ಸಾಲದು. ಎನ್95 ಧೂಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಬಟ್ಟೆಯ ಅಥವಾ ಸರ್ಜಿಕಲ್ ಮಾಸ್ಕ್ ಎರಡಕ್ಕೂ ಪ್ರಯೋಜನವಿಲ್ಲ. ಬೇಕಾದದ್ದು ಸಾವಯವ ಆವಿಯ ಇದ್ದಿಲು ಕಾರ್ಟ್ರಿಜ್ ಮತ್ತು ಅದರ ಜೊತೆ ಧೂಳಿನ ಫಿಲ್ಟರ್ ಇರುವ ರೆಸ್ಪಿರೇಟರ್. ಇಡೀ ಮುಖ ಮುಚ್ಚುವುದೇ ಒಳ್ಳೆಯದು, ಕಣ್ಣಿಗೂ ರಕ್ಷಣೆ. ಗಡ್ಡ ಇದ್ದರೆ ಅಂಚು ಕೂರುವುದಿಲ್ಲ. ಪ್ರತಿಯೊಬ್ಬರಿಗೂ ಫಿಟ್ ಪರೀಕ್ಷೆ ಆಗಬೇಕು. ಕಾರ್ಟ್ರಿಜ್ ಬದಲಿಸಲು ‘ವಾಸನೆ ಬಂದಾಗ’ ಎಂದು ಕಾಯಬಾರದು. ದಿನವಿಡೀ ಅದೇ ಘಮದಲ್ಲಿರುವ ಮೂಗು ಮಂಕಾಗಿರುತ್ತದೆ. ದಿನಾಂಕ ಬರೆದಿಟ್ಟು ಬದಲಿಸಿ.

ಆದರೂ ರೆಸ್ಪಿರೇಟರ್ ಒಂದರ ಮೇಲೇ ಭಾರ ಹಾಕಬೇಡಿ. ಮುಖ ಮುಚ್ಚುವ ಒಳ್ಳೆಯ ರೆಸ್ಪಿರೇಟರ್ ಹೊರಗಿನ ಗಾಳಿಯನ್ನು 50 ಪಟ್ಟು ಶುದ್ಧಗೊಳಿಸುತ್ತದೆ ಎಂದು ಲೆಕ್ಕ. ಮಿಸೌರಿಯ ಮಿಕ್ಸಿಂಗ್ ಕೊಠಡಿಯ 18 ಪಿಪಿಎಂ ಗಾಳಿಯಲ್ಲಿ ಅದನ್ನು ಹಾಕಿದ್ದರೆ ಒಳಗೆ 0.36 ಪಿಪಿಎಂ, ಅಂದರೆ 360 ಪಿಪಿಬಿ ಉಳಿಯುತ್ತಿತ್ತು. 5 ಪಿಪಿಬಿ ಮಿತಿಯ 72 ಪಟ್ಟು! ಮೊದಲು ಕೊಠಡಿಯ ಗಾಳಿ ಸರಿಯಾಗಬೇಕು.

ಪ್ರಶ್ನೆ: ಸಣ್ಣ ಘಟಕ ನಡೆಸುತ್ತೇನೆ. ಬಿಸಿ ಎಣ್ಣೆಯ ಟ್ಯಾಂಕಿಗೆ ಫ್ಲೇವರ್ ಸುರಿದು ಕಲಕುತ್ತೇವೆ. ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ. ಇನ್ನೇನು ಮಾಡಬೇಕು?

ಹೀಗೆ ಕೇಳುವ ಮಾಲೀಕರು ಇನ್ನಷ್ಟು ಮಂದಿ ಬೇಕು. ಮೊದಲು ಆ ಒಂದು ನಿಮಿಷವನ್ನು ಹತ್ತಿರದಿಂದ ನೋಡಿ. ಕಾರ್ಮಿಕ ಮುಚ್ಚಳ ತೆಗೆಯುತ್ತಾನೆ, ಬಿಸಿ ಎಣ್ಣೆಯ ಮೇಲೆ ನಿಂತಿದ್ದ ಆವಿ ಮೇಲೇಳುತ್ತದೆ. ಬಕೆಟ್ ಎತ್ತಿ ಬಾಗಿ ಸುರಿಯುತ್ತಾನೆ. ಮುಖ ಸರಿಯಾಗಿ ಟ್ಯಾಂಕಿನ ಬಾಯಿಯ ಮೇಲೆ. ಫ್ಲೇವರ್ ಬಿಸಿ ಎಣ್ಣೆಗೆ ತಾಗಿದ ಕ್ಷಣ ಇನ್ನೊಂದು ಅಲೆ ಏಳುತ್ತದೆ. ಗೋಡೆಯ ಫ್ಯಾನ್ ಆ ಆವಿಯನ್ನು ಅವನ ಮೂಗಿನ ಮುಂದಿನಿಂದಲೇ ಎಳೆದುಕೊಂಡು ಹೋಗುತ್ತದೆ. ದಿನದ ಸರಾಸರಿ ಎಷ್ಟೇ ಚೆನ್ನಾಗಿರಲಿ, ಪೆಟ್ಟು ಬೀಳುವುದು ಈ ನಿಮಿಷದಲ್ಲಿ.

ಮೊದಲ ಬದಲಾವಣೆಗೆ ಖರ್ಚಿಲ್ಲ: ಉಷ್ಣತೆ ಇಳಿಸಿ. ಉತ್ಪನ್ನ ಒಪ್ಪುವಷ್ಟು ಎಣ್ಣೆ ತಣಿದ ಮೇಲೆ ಫ್ಲೇವರ್ ಸೇರಿಸಿ, ಕೊನೆಯ ಹಂತದಲ್ಲಿ. ಫ್ಲೇವರ್ ಕ್ಯಾನುಗಳನ್ನು ತಂಪು ಕೋಣೆಯಲ್ಲಿಟ್ಟು ತಣ್ಣಗಿರುವಾಗಲೇ ತೆರೆಯಿರಿ. ಅಳೆದ ಪಾತ್ರೆ, ಬಳಸಿದ ಚಮಚ, ಖಾಲಿ ಕ್ಯಾನ್ ಯಾವುದೂ ಬಾಯ್ತೆರೆದು ಕೂರಬಾರದು.

ನಂತರ ಸುರಿಯುವುದನ್ನೇ ನಿಲ್ಲಿಸಿ. ಡ್ರಮ್‌ನಿಂದ ಟ್ಯಾಂಕಿಗೆ ಕೊಳವೆ ಹಾಕಿ ಪಂಪ್ ಮಾಡಿ, ಕೊಳವೆಯ ತುದಿ ಎಣ್ಣೆಯ ಮಟ್ಟದ ಕೆಳಗಿರಲಿ. ಟ್ಯಾಂಕಿಗೆ ಗ್ಯಾಸ್ಕೆಟ್ ಇರುವ ಮುಚ್ಚಳ, ಅದಕ್ಕೆ ಸೇರಿದ ಎಕ್ಸಾಸ್ಟ್ ಕೊಳವೆ, ಒಳಗೆ ಇಣುಕಲು ಗಾಜಿನ ಕಿಂಡಿ. ‘ಸ್ವಲ್ಪ ತೆಗೆದು ನೋಡುತ್ತೇನೆ’ ಎಂಬ ಅಭ್ಯಾಸವನ್ನು ಆ ಕಿಂಡಿ ತಪ್ಪಿಸುತ್ತದೆ. ತೂಗುವ ಕೆಲಸಕ್ಕೆ ಮೂರು ಬದಿ ಮುಚ್ಚಿದ ಹುಡ್ ಇರಲಿ, ಎದುರು ತೆರೆದ ಭಾಗದಲ್ಲಿ ಸೆಕೆಂಡಿಗೆ ಕನಿಷ್ಠ 0.5 ಮೀಟರ್ ವೇಗದಲ್ಲಿ ಗಾಳಿ ಒಳಗೆ ಹೋಗಬೇಕು. ಬರಿಯ ಕೊಳವೆಯ ಬಾಯಿಯನ್ನು ಪಕ್ಕದಲ್ಲಿಟ್ಟು ‘ಎಕ್ಸಾಸ್ಟ್ ಇದೆ’ ಎನ್ನುವವರಿದ್ದಾರೆ. ಕೊಳವೆಯ ವ್ಯಾಸದಷ್ಟು ದೂರ ಸರಿದರೆ ಸೆಳೆತ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಸ್ಮೋಕ್ ಟ್ಯೂಬಿನ ಹೊಗೆ ಬಿಟ್ಟು ನೋಡಿ: ಅದು ಕಾರ್ಮಿಕನ ಮುಖದತ್ತ ತಿರುಗದೆ ನೇರ ಹುಡ್ ಒಳಗೆ ಹೋಗಬೇಕು. ಮಿಕ್ಸಿಂಗ್ ಕೊಠಡಿಯಿಂದ ಹೊರಹೋಗುವ ಗಾಳಿ ಒಳಬರುವುದಕ್ಕಿಂತ ಹೆಚ್ಚಿರಲಿ. ಹಾಗಿದ್ದರೆ ಬಾಗಿಲು ತೆರೆದಾಗ ಗಾಳಿ ಒಳಗೆ ಹೋಗುತ್ತದೆ, ಆವಿ ಪ್ಯಾಕಿಂಗ್ ಕಡೆಗೆ ಬರುವುದಿಲ್ಲ.

ಡಯಾಸಿಟೈಲ್ ಬೆಂಕಿಗೂ ಸುಲಭದ ತುತ್ತು. ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ಫ್ಯಾನ್, ಪಂಪ್ ಕಿಡಿ ಹಾರದ ಮಾದರಿಯವಾಗಿರಲಿ. ಲೋಹದ ಡ್ರಮ್, ಟ್ಯಾಂಕ್ ಎರಡನ್ನೂ ಭೂಸಂಪರ್ಕಕ್ಕೆ ಜೋಡಿಸಿ.

ತೊಳೆಯುವ ಹೊತ್ತನ್ನು ಎಲ್ಲರೂ ಮರೆಯುತ್ತಾರೆ. ಪಾಳಿ ಮುಗಿದ ಮೇಲೆ ಬಿಸಿನೀರು, ಹಬೆ ಹಾಯಿಸಿದರೆ ಟ್ಯಾಂಕಿನ ಗೋಡೆಯಲ್ಲಿ ಉಳಿದದ್ದೆಲ್ಲ ಒಮ್ಮೆಗೇ ಗಾಳಿಗೆ ಬರುತ್ತದೆ. ಆ ಹೊತ್ತಿಗೆ ಫ್ಯಾನ್ ಆರಿಸಿರುತ್ತಾರೆ, ರೆಸ್ಪಿರೇಟರ್ ಕಳಚಿಟ್ಟಿರುತ್ತಾರೆ. ಮೊದಲ ಸಲ ತಣ್ಣೀರಿನಲ್ಲಿ ತೊಳೆಯಿರಿ, ಫ್ಯಾನ್ ಓಡುತ್ತಿರಲಿ, ರೆಸ್ಪಿರೇಟರ್ ಮುಖದಲ್ಲೇ ಇರಲಿ.

ಇಷ್ಟಾದ ಮೇಲೆ ಗಾಳಿ ಅಳೆಸಿ. ಒಣಗಿಸಿದ ಸಿಲಿಕಾ ಜೆಲ್ ಕೊಳವೆ ಎರಡನ್ನು ಒಂದರ ಹಿಂದೊಂದು ಜೋಡಿಸಿ, ಕಾರ್ಮಿಕನ ಕಾಲರಿಗೆ ಸಿಕ್ಕಿಸಿ, ನಿಮಿಷಕ್ಕೆ 0.05 ಲೀಟರಿನಂತೆ ಮೂರು ಗಂಟೆ ಗಾಳಿ ಎಳೆಯಬೇಕು. ಸುರಿಯುವ 15 ನಿಮಿಷಕ್ಕೆ ಬೇರೆಯದೇ ಮಾದರಿ, ನಿಮಿಷಕ್ಕೆ 0.2 ಲೀಟರ್. ಬೆಳಕು ಬಿದ್ದರೆ ಡಯಾಸಿಟೈಲ್ ಒಡೆಯುತ್ತದೆ, ಆದ್ದರಿಂದ ಕೊಳವೆಗೆ ಫಾಯಿಲ್ ಸುತ್ತಿರಬೇಕು. ಇಂಗಾಲದ ಕೊಳವೆ ಬಳಸುವ ಹಳೆಯ ವಿಧಾನ ತೇವವಿರುವ ಗಾಳಿಯಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಯೋಗಾಲಯ ಯಾವ ವಿಧಾನ ಬಳಸುತ್ತದೆ ಎಂದು ಮೊದಲೇ ಕೇಳಿ.

ಪ್ರಶ್ನೆ: ನಮ್ಮಲ್ಲಿ ದ್ರವವೇ ಇಲ್ಲ, ಪುಡಿ ಫ್ಲೇವರ್ ಮಾತ್ರ.

ಪುಡಿಯ ಕಣದೊಳಗೆ ಅದೇ ರಾಸಾಯನಿಕ ಪಿಷ್ಟದ ಹೊದಿಕೆಯಲ್ಲಿ ಕೂತಿರುತ್ತದೆ. ಕಣ ಶ್ವಾಸನಾಳದ ಒದ್ದೆ ಪದರದ ಮೇಲೆ ಬಿದ್ದರೆ ಹೊದಿಕೆ ಕರಗಿ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಚೀಲವನ್ನು ಎತ್ತರದಿಂದ ಸುರಿಯಬೇಡಿ, ಖಾಲಿ ಚೀಲವನ್ನು ಎದೆಗೊತ್ತಿ ಮಡಚಬೇಡಿ, ಏರ್ ಗನ್‌ನಿಂದ ಊದಿ ಸ್ವಚ್ಛ ಮಾಡಬೇಡಿ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿ.

ಪ್ರಶ್ನೆ: ಕಾಫಿ ಹುರಿದು ಪುಡಿ ಮಾಡುವ ಘಟಕ ನಮ್ಮದು. ಫ್ಲೇವರ್ ಬೆರೆಸುವುದೇ ಇಲ್ಲ. ನಮಗೂ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಹುರಿಯುವಾಗ ಬೀಜದಲ್ಲೇ ಡಯಾಸಿಟೈಲ್, ಪೆಂಟೇನ್‌ಡೈಓನ್ ಹುಟ್ಟುತ್ತವೆ, ಪುಡಿ ಮಾಡಿದಾಗ ಒಮ್ಮೆಗೇ ಹೊರಬರುತ್ತವೆ. ಟೆಕ್ಸಸ್‌ನ ಒಂದು ಕಾಫಿ ಘಟಕದ ಫ್ಲೇವರ್ ಕೊಠಡಿಯಲ್ಲಿ ದುಡಿದಿದ್ದ ಐವರಲ್ಲಿ ಈ ಕಾಯಿಲೆ ಪತ್ತೆಯಾದ ಮೇಲೆ ನಿಯೋಶ್ ಹಲವು ಕಾಫಿ ಘಟಕಗಳ ಗಾಳಿ ಅಳೆಯಿತು. ಫ್ಲೇವರ್ ಬೆರೆಸದ ಕಾಫಿಯಿಂದಲೂ ಈ ಆವಿಗಳು ಬರುವುದು ಕಂಡಿತು. ಗ್ರೈಂಡರಿನ ಬಾಯಿಗೆ ಮುಚ್ಚಳ ಮತ್ತು ಎಕ್ಸಾಸ್ಟ್ ಹಾಕಿ. ಹುರಿದ ಬೀಜದ ತೊಟ್ಟಿಯೊಳಗೆ ತಲೆ ಹಾಕಿ ನೋಡಬೇಡಿ. ಅಲ್ಲಿ ಇಂಗಾಲದ ಮೊನಾಕ್ಸೈಡ್ ಕೂಡ ತುಂಬಿರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಪಾಳಿಯ ಕೊನೆಗೆ ತಲೆನೋವು, ತಲೆಸುತ್ತು ಬರುತ್ತಿದ್ದರೆ ಆ ಅನಿಲದ ಅಲಾರ್ಮ್ ಇಂದೇ ಹಾಕಿಸಿ.

ಪ್ರಶ್ನೆ: ಮನೆಯಲ್ಲಿ ಮಕ್ಕಳು ಪಾಪ್‌ಕಾರ್ನ್ ತಿನ್ನುತ್ತಾರೆ, ಭಯವಾಗುತ್ತಿದೆ.

ತಿನ್ನಲಿ. ಆಗೀಗ ಒಂದು ಪೊಟ್ಟಣ ತೆರೆಯುವುದಕ್ಕೂ ಕಾರ್ಖಾನೆಯ ಗುಣಮಟ್ಟ ಪರೀಕ್ಷಾ ಕೊಠಡಿಯಲ್ಲಿ ದಿನವಿಡೀ ಪೊಟ್ಟಣದ ಮೇಲೆ ಪೊಟ್ಟಣ ಅರಳಿಸಿ ತೆರೆಯುವುದಕ್ಕೂ ಹೋಲಿಕೆಯಿಲ್ಲ. ಪೊಟ್ಟಣ ತೆರೆದು ಪೆಟ್ಟು ತಿಂದವರು ಆ ಪರೀಕ್ಷಾ ಕೊಠಡಿಯವರು. ಬಿಸಿ ಪೊಟ್ಟಣದ ಬಾಯಿಗೆ ಮುಖವಿಟ್ಟು ಘಮ ಎಳೆಯಬೇಡಿ, ಅಷ್ಟೇ.

ಪ್ರಶ್ನೆ: ಕಾಯಿಲೆ ಖಚಿತವಾಗಿದೆ. ಕೆಲಸ ಬಿಟ್ಟರೆ ಶ್ವಾಸಕೋಶ ಮೊದಲಿನಂತೆ ಆಗುತ್ತದೆಯೇ?

ಕಳೆದುಹೋದದ್ದು ಮರಳುವುದಿಲ್ಲ. ಇದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೆ ಸುಳ್ಳು ಭರವಸೆ ನಿಮಗೆ ಅನ್ಯಾಯ. ಕೆಲಸ ಬಿಟ್ಟವರಲ್ಲಿ ಹೆಚ್ಚಿನವರಿಗೆ ಇಳಿಕೆ ನಿಲ್ಲುತ್ತದೆ, ಕೆಮ್ಮು ನಿಧಾನವಾಗಿ ತಗ್ಗುತ್ತದೆ, ಏದುಸಿರು ಉಳಿಯುತ್ತದೆ. ಸ್ಟಿರಾಯ್ಡ್ ಕೆಲವರಿಗೆ ಕೊಟ್ಟು ನೋಡುತ್ತಾರೆ, ಬಹುಪಾಲು ಮಂದಿಗೆ ಅದರಿಂದ ಹೆಚ್ಚೇನೂ ಸಿಗದು. ಫಲ ಕಾಣದೆ ತಿಂಗಳುಗಟ್ಟಲೆ ಮುಂದುವರಿಸಿದರೆ ಮೂಳೆ, ಸಕ್ಕರೆ, ಕಣ್ಣಿಗೆ ತೊಂದರೆ ಮಾತ್ರ ಉಳಿದೀತು. ನಿಲ್ಲಿಸುವುದಾದರೂ ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಇಳಿಸಿ. ಉಸಿರಾಟದ ವ್ಯಾಯಾಮದ ತರಬೇತಿ, ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ, ಅಗತ್ಯ ಬಿದ್ದರೆ ಆಮ್ಲಜನಕ, ತೀರ ಮುಂದುವರಿದವರಿಗೆ ಕಸಿಯ ವಿಚಾರ, ಇವು ಕೈಯಲ್ಲಿರುವ ದಾರಿಗಳು.

ಬೇರೆ ಕೆಲಸ ಹುಡುಕುವಾಗ ವೆಲ್ಡಿಂಗ್ ಹೊಗೆ, ಕ್ಲೋರಿನ್, ಅಮೋನಿಯಾ, ಧೂಳಿನ ಜಾಗಗಳನ್ನು ಬಿಡಿ. ಹಳೆಯ ಕೆಲಸ ಬಿಡುವ ದಿನ ನಿಮ್ಮ ಎಲ್ಲ ಸ್ಪೈರೋಮೆಟ್ರಿ ವರದಿಗಳು, ಗಾಳಿ ಅಳತೆಯ ಫಲಿತಾಂಶ, ಬಳಸಿದ ಫ್ಲೇವರುಗಳ ಪಟ್ಟಿ, ಯಾವ ವಿಭಾಗದಲ್ಲಿ ಎಷ್ಟು ತಿಂಗಳು ಇದ್ದಿರಿ ಎಂಬ ದಾಖಲೆ, ಇಷ್ಟನ್ನೂ ಲಿಖಿತವಾಗಿ ಕೇಳಿ ಪಡೆಯಿರಿ. ಪರಿಹಾರದ ಅರ್ಜಿಗೂ ಮುಂದಿನ ವೈದ್ಯರಿಗೂ ಅವೇ ಆಧಾರ. ಜೊತೆಗೆ ಅದೇ ಕೊಠಡಿಯಲ್ಲಿ ಇನ್ನೂ ಕೆಲಸದಲ್ಲಿರುವವರಿಗೆ ನಿಮ್ಮ ಸಂಖ್ಯೆ ಎಷ್ಟಿತ್ತು, ಎಷ್ಟಕ್ಕಿಳಿಯಿತು ಎಂದು ಹೇಳಿ. ಅವರಲ್ಲಿ ಯಾರೊಬ್ಬರೂ ಈವರೆಗೆ ಊದಿ ನೋಡಿರದಿದ್ದರೆ ಈ ವಾರವೇ ಆಗಲಿ.